ವಾಯಿದೆ ಮೇಷ್ಟ್ರ ವಿದ್ಯಾರಂಭ

ಕೃಷ್ಣರಾಜನಗರ ತಾಲ್ಲೂಕಿನಲ್ಲಿ, ಹೆಚ್ಚೇನು, ಸುತ್ತಮುತ್ತಣ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿಯೂ, ಹೋಬಳಿಗೊಂದು ನಾಡಕಚೇರಿ ಇರುವುದು ಸರ್ಕಾರದ ಏರ್ಪಾಡು; ಆ ನಾಡಕಚೇರಿಯ ಜಗಲಿಯ ಮೇಲೆ ಕಂಕುಳಲ್ಲಿ ಫೈಲನ್ನಿರಿಸಿಕೊಂಡು ಕುಳಿತು, ಬಂದವರ ಪಹಣಿಯನ್ನು ಅವರು ಕೇಳುವ ಮೊದಲೇ ಓದಿ, ‘ಇದರಲ್ಲಿ ಒಂದು ಪಾಯಿಂಟ್ ಇದೆ’ ಎಂದು ಗಂಭೀರವಾಗಿ ನುಡಿಯತಕ್ಕ ನಿವೃತ್ತ ಮೇಷ್ಟ್ರೊಬ್ಬರು ಇರುವುದು ದೈವದ ಏರ್ಪಾಡು. ಹೊಸ ಅಗ್ರಹಾರದ ಪಾಲಿಗೆ ಬಂದವರು ವಾಯಿದೆ ಮೇಷ್ಟ್ರು. ಅವರ ನಿಜನಾಮವು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಬಗೆಯಾಗಿಯೂ ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆಯಾಗಿಯೂ ಇರುವುದರಿಂದ, ಸಕ್ಷಮ ಪ್ರಾಧಿಕಾರವು ಅದನ್ನು ಇತ್ಯರ್ಥಪಡಿಸುವ ತನಕ ಲೋಕರೂಢಿಯ ಹೆಸರಿನಿಂದಲೇ ಅವರನ್ನು ಕರೆಯುವುದು ಕ್ಷೇಮಕರ.

ಮೇಷ್ಟ್ರ ಸಂಭಾಷಣೆಯಲ್ಲಿ ಸಾಮಾನ್ಯವಾದ ಮಾತೆಂಬುದೇ ಇಲ್ಲ. ‘ಊಟ ಆಯ್ತಾ ಸಾರ್?’ ಎಂದು ಹಳೆಯ ಶಿಷ್ಯನೊಬ್ಬ ಕೇಳಿದರೆ, ಇಂದಿನದೋ ನಿನ್ನೆಯದೋ, ಮಧ್ಯಾಹ್ನದ್ದೋ ರಾತ್ರಿಯದೋ ಎಂದು ಪ್ರಶ್ನೆಯನ್ನು ಮೊದಲು ಸ್ಫುಟಪಡಿಸಿಕೊಂಡು ಆಮೇಲೆ ‘ಆಯ್ತು’ ಎನ್ನುವರು. ಮನೆಯಲ್ಲಿ ಸಾರಿಗೆ ಉಪ್ಪು ಸಾಲದಿದ್ದರೆ ಸಿಟ್ಟಾಗುವುದಿಲ್ಲ. ಆಕ್ಷೇಪಣೆಯನ್ನು ದಾಖಲಿಸಿ, ತಮ್ಮ ಹಕ್ಕುಗಳಿಗೆ ಬಾಧೆ ಬಾರದಂತೆ ಊಟ ಮಾಡಿ ಏಳುವರು. ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಟವಲ್ಲಿನ ಮರೆಯಲ್ಲಿ ಬೆರಳು ಮುಟ್ಟಿ ಎತ್ತಿನ ಬೆಲೆಯನ್ನು ತೀರ್ಮಾನಿಸುವ ಪದ್ಧತಿಯನ್ನು ಕಂಡು, ‘ಇದಕ್ಕೆ ಛಾಪಾ ಕಾಗದ ಎಲ್ಲಿ, ಸಾಕ್ಷಿ ಯಾರು?’ ಎಂದು ಅವರು ಒಮ್ಮೆ ಟವಲ್ಲನ್ನೇ ಎತ್ತಿ ನೋಡಿದರಂತೆ. ಆ ವ್ಯಾಪಾರ ಮುರಿದುಬಿದ್ದುದಲ್ಲದೆ, ಅಂದಿನಿಂದ ಜೋಡೆತ್ತು ಕಟ್ಟಿದ ರೈತರು ದೂರದಿಂದ ಅವರ ಛತ್ರಿಯನ್ನು ಕಂಡ ಮಾತ್ರಕ್ಕೆ ಕೈ ತೊಳೆಯಲು ಹೊಳೆಯ ಕಡೆಗೆ ಹೊರಟುಬಿಡುವರು.

ಈ ಪಾಂಡಿತ್ಯವು ಪುಸ್ತಕದಿಂದ ಬಂದುದಲ್ಲ, ಪಿತ್ರಾರ್ಜಿತವಾಗಿ ಬಂದುದು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1974ರ ಮಾರ್ಚಿಯಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿದಾರರಿಗೆಲ್ಲ ನಮೂನೆ 7ರಲ್ಲಿ ಅರ್ಜಿ ಹಾಕುವ ಅವಕಾಶವನ್ನು ಕೊಟ್ಟಿತಷ್ಟೆ. ಆ ಕಾಲದಲ್ಲಿ ಭೂನ್ಯಾಯಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲವಾದುದರಿಂದ, ಅಲ್ಲಿಯವರೆಗೆ ಜಮೀನ್ದಾರರ ಎದುರಿಗೆ ತಲೆಯೆತ್ತಿ ಮಾತನಾಡದಿದ್ದ ಒಕ್ಕಲುಗಳು ತಮ್ಮ ವಾದವನ್ನು ತಾವೇ ಮಂಡಿಸಬೇಕಾಯಿತು. ಮೇಷ್ಟ್ರ ತಂದೆಯವರು ಅಂದು ಅಧಿಕಾರಿಗಳ ಸಮ್ಮುಖದಲ್ಲಿ ಎದ್ದುನಿಂತು, ಯಾವ ವರ್ಷ ಎಷ್ಟು ಪಲ್ಲ ಭತ್ತ ಗೇಣಿ ಅಳೆದೆವೆಂಬುದನ್ನು ತಡೆಯಿಲ್ಲದೆ ಹೇಳಿದರೆಂದೂ, ಬಾಗಿಲ ಬಳಿ ನಿಂತಿದ್ದ ಬಾಲಕನೊಬ್ಬನಿಗೆ ಇಂಗ್ಲಿಷ್ ಸಿನಿಮಾದ ಕುದುರೆ ಸವಾರನಿಗಿಂತಲೂ ಆ ದಿನ ಅಪ್ಪನೇ ದೊಡ್ಡವನಾಗಿ ಕಂಡನೆಂದೂ ಮೇಷ್ಟ್ರು ಈಗಲೂ ಹೇಳುವುದುಂಟು. ಜಮೀನು ದೊರೆಯಿತು. ಆದರೆ ಮನೆಗೆ ಹಿರಿಯರೆಂಬ ಕಾರಣದಿಂದ ಅರ್ಜಿಯು ದೊಡ್ಡಪ್ಪನ ಹೆಸರಿನಲ್ಲಿದ್ದಿತು. ಅಧಿಭೋಗದ ಹಕ್ಕೂ ಆ ಹೆಸರಿಗೇ ಬಂದಿತು. ಅದು ಅವರೊಬ್ಬರಿಗೇ ಬಂದುದೋ ಅವಿಭಕ್ತ ಕುಟುಂಬದ ಪರವಾಗಿ ಬಂದುದೋ ಎಂಬ ಪ್ರಶ್ನೆಯು, ಕರ್ನಾಟಕದ ಸಹಸ್ರಾರು ಮನೆಗಳಲ್ಲಿ ಹುಟ್ಟಿದಂತೆ, ಆ ಮನೆಯಲ್ಲಿಯೂ ಹುಟ್ಟಿತು. ಗದ್ದೆಗಳ ಪಾಲು ಎಂದೋ ಆಯಿತು. ಉಳಿದಿರುವುದು ನಡುವಣ ಬದು: ಮೂರು ಗುಂಟೆ, ಎರಡು ತೆಂಗಿನಮರ. ವಾದಿ ಮೇಷ್ಟ್ರು; ಪ್ರತಿವಾದಿ ದೊಡ್ಡಪ್ಪನ ಮಗ, ಮೇಷ್ಟ್ರು ಅಣ್ಣಯ್ಯ ಎಂದು ಕರೆಯತಕ್ಕವರು. ಆ ಮರಗಳೆರಡೂ ಇಂದಿನವರೆಗೆ ಬಿಟ್ಟ ಕಾಯಿಗಳನ್ನೆಲ್ಲ ಮಾರಿದರೂ ಒಂದು ವರ್ಷದ ವಾಯಿದೆಗಳ ಕಾಫಿಯ ಖರ್ಚು ಹುಟ್ಟುವುದಿಲ್ಲವೆಂಬುದು ಉಭಯಪಕ್ಷಗಳೂ ಒಪ್ಪಿಕೊಂಡಿರುವ ಏಕೈಕ ಸಂಗತಿ.

ಇಂತಹವರು ಅರವತ್ತಕ್ಕೆ ನಿವೃತ್ತರಾದ ಮೇಲೆ ಕಾನೂನು ಕಾಲೇಜಿಗೆ ಸೇರುವೆನೆಂದು ಹೊರಟುದರಲ್ಲಿ ಆಶ್ಚರ್ಯವೇನೂ ಇಲ್ಲ. ಕಾರಣವನ್ನು ಕೇಳಿದವರಿಗೆ ಅವರು ಕೊಡುತ್ತಿದ್ದ ಉತ್ತರವು ಸ್ಪಷ್ಟವಾಗಿಯೇ ಇತ್ತು: ಕೋರ್ಟಿನಲ್ಲಿ ವಿಷಯವನ್ನು ಓದಿಕೊಳ್ಳದೆ ಬಂದ ವಕೀಲನಿಗೆ ಕುರ್ಚಿಯುಂಟು, ಜನ್ಮಾರಭ್ಯ ಅದನ್ನೇ ಓದಿಕೊಂಡು ಬಂದ ಕಕ್ಷಿದಾರನಿಗೆ ಬಾಗಿಲ ಪಕ್ಕದ ಗೋಡೆಯುಂಟು; ತಾವು ಇಷ್ಟು ಕಾಲ ಗೋಡೆಗೆ ಒರಗಿದುದು ಸಾಕು. ‘ಈ ವಯಸ್ಸಿನಲ್ಲಿ ಸೇರಿಸಿಕೊಳ್ಳುವರೆ?’ ಎಂದು ಸಂದೇಹಪಟ್ಟವರಿಗೆ ತೋರಿಸಲೆಂದು ಅವರ ಫೈಲಿನಲ್ಲಿ ಜೆರಾಕ್ಸ್ ಪ್ರತಿಯೊಂದು ಸದಾ ಸಿದ್ಧವಾಗಿರುತ್ತಿತ್ತು. ಮೂರು ವರ್ಷದ ಎಲ್‌ಎಲ್‌.ಬಿ.ಗೆ ಮೂವತ್ತು ವರ್ಷವೇ ಗರಿಷ್ಠ ವಯೋಮಿತಿಯೆಂದು ಭಾರತೀಯ ವಕೀಲರ ಪರಿಷತ್ತು 2008ರ ನಿಯಮಗಳಲ್ಲಿ ವಿಧಿಸಿ, ಒಮ್ಮೆ ಹಿಂತೆಗೆದುಕೊಂಡು, 2016ರಲ್ಲಿ ಪುನಃ ಜೀವ ಕೊಟ್ಟಾಗ, 2017ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆಯನ್ನಿತ್ತಿತು. ಅನ್ಯರಿಗೆ ಇದು ವಾರ್ತೆ, ಮೇಷ್ಟ್ರಿಗೆ ವರಪ್ರಸಾದ. ತಮ್ಮ ದಾವೆಯಲ್ಲಿ ಎಷ್ಟು ಬೇಡಿದರೂ ದೊರೆಯದಿದ್ದ ತಡೆಯಾಜ್ಞೆಯೊಂದು ದೆಹಲಿಯಲ್ಲಿ ತಮಗಾಗಿ, ತಾವು ಅರ್ಜಿಯನ್ನೇ ಹಾಕದೆ, ಸಿದ್ಧವಾಗಿ ಕುಳಿತಿರುವುದನ್ನು ನೆನೆದಾಗಲೆಲ್ಲ ಅವರ ಕಣ್ಣು ತುಂಬಿ ಬರುತ್ತಿತ್ತು.

ಮುಂದಿನದು ದಾಖಲೆಪತ್ರಗಳ ಪರ್ವ. ಎಳೆಯ ಹುಡುಗನು ಇದನ್ನು ಶಿಕ್ಷೆಯೆಂದು ಅನುಭವಿಸುವನು. ಮೇಷ್ಟ್ರು ಇದನ್ನು ತೀರ್ಥಯಾತ್ರೆಯೆಂದು ಅನುಭವಿಸಿದರು. ಅವರ ಬಿ.ಎ. ಪದವಿಯು ಮೈಸೂರು ವಿಶ್ವವಿದ್ಯಾನಿಲಯದ್ದು; ಸೇರಬೇಕಾದ ಕಾಲೇಜು ಇರುವುದೂ ಮೈಸೂರಿನಲ್ಲಿಯೇ. ಆದರೆ 2009ರಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವು ಸ್ಥಾಪಿತವಾದ ಮೇಲೆ ನಾಡಿನ ಕಾನೂನು ಕಾಲೇಜುಗಳು ಅದರ ಆಶ್ರಯಕ್ಕೆ ಸಂದುದರಿಂದ, ಮೈಸೂರಿನಲ್ಲಿ ಓದಿದವನು ಮೈಸೂರಿನಲ್ಲಿಯೇ ಕಾನೂನು ಓದಬೇಕಾದರೂ ಶಾಸ್ತ್ರೋಕ್ತವಾಗಿ ಹುಬ್ಬಳ್ಳಿಗೆ ವಲಸೆ ಹೋಗಬೇಕು, ಅದಕ್ಕೊಂದು ವಲಸೆ ಪ್ರಮಾಣಪತ್ರ ಬೇಕು. ಆ ಪತ್ರಕ್ಕಾಗಿ ಮೇಷ್ಟ್ರು ಮೈಸೂರು ವಿಶ್ವವಿದ್ಯಾನಿಲಯದ ಕ್ರಾಫರ್ಡ್ ಭವನದ ಮೆಟ್ಟಿಲುಗಳನ್ನು ಪದವಿ ಪಡೆದಂದಿನಿಂದೀಚೆಗೆ ಮೊದಲ ಸಲ ಏರಿದರು. ಹೆಸರಿನ ವ್ಯತ್ಯಾಸಕ್ಕೆ ನೋಟರಿಯ ಮುಂದೆ ಪ್ರಮಾಣಪತ್ರವಾಯಿತು. ಎಲ್ಲರೂ ಒಂದು ಪ್ರತಿಯನ್ನು ಮಾಡಿಸಿದರೆ ಇವರು ಐದನ್ನು ಮಾಡಿಸಿ, ಪ್ರತಿಯೊಂದರ ಅಂಚಿನಲ್ಲಿಯೂ ಪುಟಸಂಖ್ಯೆ ಬರೆದು, ಕೊನೆಗೆ ದಾಖಲೆಗಳ ಪಟ್ಟಿಯೊಂದನ್ನೂ ಆ ಪಟ್ಟಿಯೂ ಸೇರಿದಂತೆ ಒಟ್ಟು ಎಷ್ಟು ಹಾಳೆಗಳೆಂಬ ಷರಾವನ್ನೂ ಲಗತ್ತಿಸಿದರು. ಪದವಿಯಲ್ಲಿ ಶೇಕಡಾ 45 ಅಂಕವಿರಬೇಕೆಂಬ ನಿಯಮವನ್ನು ಅವರ ಅಂಕಪಟ್ಟಿಯು ನಿರಾಯಾಸವಾಗಿ ದಾಟಿತ್ತಾದರೂ, ಯಾವ ತಕರಾರೂ ಇಲ್ಲದೆ ಅದು ಅಂಗೀಕೃತವಾದುದು ಅವರಿಗೆ ಸ್ವಲ್ಪ ನಿರಾಶೆಯನ್ನೇ ಉಂಟುಮಾಡಿತು.

ಪ್ರವೇಶದ ದಿನ ಕೃಷ್ಣರಾಜನಗರದಲ್ಲಿ ರೈಲು ಹತ್ತಿ ಬಂದ ಮೇಷ್ಟ್ರು ಕಾಲೇಜಿನ ಕಾರಿಡಾರಿನ ಸಾಲಿನಲ್ಲಿ ನಿಂತಾಗ, ಹಿಂದೆ ಮುಂದೆ ಇದ್ದ ಮಕ್ಕಳು ಮಗಳನ್ನು ಸೇರಿಸಲು ಬಂದ ತಂದೆಯೆಂದು ತಿಳಿದು ಅವರಿಗೆ ಜಾಗ ಬಿಟ್ಟುಕೊಟ್ಟವು. ಕಿಟಕಿಯ ಗುಮಾಸ್ತರಂತೂ ಅಧ್ಯಾಪಕರಿರಬೇಕೆಂದು ಎದ್ದು ನಮಸ್ಕರಿಸಿ, ಅರ್ಜಿಯ ಮೇಲಿನ ಭಾವಚಿತ್ರವನ್ನು ಕಂಡ ಮೇಲೆ ಸಾವಕಾಶವಾಗಿ ಕುಳಿತರು. ಪ್ರಥಮ ವರ್ಷದ ವಿಷಯಪಟ್ಟಿಯನ್ನು ನೋಡಿದೊಡನೆ ಮೇಷ್ಟ್ರು ಮೊದಲನೆಯ ಆಕ್ಷೇಪಣೆಯನ್ನೆತ್ತಿದರು. ಕರಾರು ಕಾನೂನು ಇದೆ, ಅಪಕೃತ್ಯಗಳ ಕಾನೂನು ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಎಲ್ಲಿ? ಅದು ಮುಂದಿನ ವರ್ಷಗಳಿಗೆ ಎಂದು ಗುಮಾಸ್ತರು ಸಮಾಧಾನ ಹೇಳಲಾಗಿ, ತಮಗೆ ಅದರಲ್ಲಿಯೂ ಹದಿನೇಳನೆಯ ಆದೇಶ, ಅಂದರೆ ವಾಯಿದೆಯ ಪ್ರಕರಣವು, ತುರ್ತಾಗಿ ಬೇಕಾಗಿರುವುದೆಂದೂ, ಉಳಿದುದನ್ನು ಆಮೇಲೆ ಓದಿಕೊಳ್ಳುವೆನೆಂದೂ ವಿನಂತಿಸಿದರು. ಕರಾರಿನ ಪುಸ್ತಕವನ್ನು ಅಲ್ಲಿಯೇ ಒಬ್ಬ ಹುಡುಗನಿಂದ ಪಡೆದು ತಿರುವಿಹಾಕಿದಾಗ, 1872ರ ಆ ಅಧಿನಿಯಮದ ಪ್ರಕಾರ ಪ್ರಸ್ತಾವವೂ ಸ್ವೀಕಾರವೂ ಬಾಯಿಮಾತಿನಿಂದಾಗಲಿ ನಡತೆಯಿಂದಾಗಲಿ ಆಗಬಹುದೆಂಬುದು ಕಣ್ಣಿಗೆ ಬಿದ್ದು, ಚುಂಚನಕಟ್ಟೆಯ ಟವಲ್ಲಿನ ಒಳಗೆ ನಡೆಯುತ್ತಿದ್ದುದು ಸಿಂಧುವಾದ ಕರಾರೇ ಎಂದು ತಿಳಿದ ಮೇಷ್ಟ್ರು ಪುಸ್ತಕವನ್ನು ಮೆಲ್ಲನೆ ಮುಚ್ಚಿ ಹಿಂತಿರುಗಿಸಿದರು.

ಇದಕ್ಕಿಂತ ದೊಡ್ಡ ಪೆಟ್ಟು ಅಪರಾಧ ಕಾನೂನಿನಿಂದ ಬಂದಿತು. ಬದುಕಿನುದ್ದಕ್ಕೂ ಅವರು ವ್ಯಕ್ತಿಗಳನ್ನು ಅಳೆದುದು 1860ರ ದಂಡಸಂಹಿತೆಯ ಅಂಕಿಗಳಿಂದ. ಊರಿನಲ್ಲಿ ಒಬ್ಬ ಬಡ್ಡಿ ಸಾಹುಕಾರನು ಅವರ ಬಾಯಲ್ಲಿ 420, ಬದು ಒತ್ತುವ ನೆರೆಯವನು 447. ಆದರೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದು, ವಂಚನೆಯು 318ಕ್ಕೆ, ಅತಿಕ್ರಮ ಪ್ರವೇಶವು 329ಕ್ಕೆ, ಕೊಲೆಯು 302ರಿಂದ 103ಕ್ಕೆ ಸ್ಥಳಾಂತರಗೊಂಡಿದ್ದವು. ‘ಆ ಸಾಹುಕಾರನನ್ನು ಇನ್ನು ಮುಂದೆ ಮುನ್ನೂರ ಹದಿನೆಂಟು ಎಂದರೆ ಅವನಿಗೆ ನೋವಾಗುವುದುಂಟೆ?’ ಎಂದು ಮೇಷ್ಟ್ರು ಬಹುವಾಗಿ ವ್ಯಥೆಪಟ್ಟರು. ಹುಡುಗರು ಹೊಸ ಅಂಕಿಗಳನ್ನು ಮೊಬೈಲಿನಲ್ಲಿ ನೋಡಿ ಒಂದು ಕ್ಷಣದಲ್ಲಿ ಹೇಳುತ್ತಿದ್ದರು. ಹಳೆಯ ಪಾಠವನ್ನು ಮರೆಯಬೇಕಾದ ಹೊರೆ ಆ ಸಾಲಿನಲ್ಲಿ ಇವರೊಬ್ಬರಿಗೇ ಇದ್ದಿತು.

ವಕೀಲರ ಪರಿಷತ್ತು 2024ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯೊಂದರ ಪ್ರಕಾರ ಕಾನೂನು ವಿದ್ಯಾರ್ಥಿಯು ತನ್ನ ಮೇಲಿನ ಕ್ರಿಮಿನಲ್ ಪ್ರಕರಣಗಳನ್ನು, ಖುಲಾಸೆಯಾಗಿದ್ದರೆ ಅದನ್ನೂ, ಘೋಷಿಸಬೇಕೆಂಬ ವಿಷಯ ಕಿವಿಗೆ ಬಿದ್ದಾಗ ಮಾತ್ರ ಅವರ ಮುಖವು ಪುನಃ ಅರಳಿತು. ಇತರರು ‘ಇಲ್ಲ’ ಎಂದು ಒಂದೇ ಪದದಲ್ಲಿ ಮುಗಿಸತಕ್ಕ ಕಡೆಯಲ್ಲಿ ಮೇಷ್ಟ್ರು ತಮ್ಮ ಅಸಲು ದಾವೆ, ಮೇಲ್ಮನವಿ, ಮಧ್ಯಂತರ ಅರ್ಜಿ, ಹದ್ದುಬಸ್ತಿನ ತಕರಾರು, ಪೋಡಿಯ ಮೇಲಿನ ತಕರಾರುಗಳನ್ನು ಕಾಲಾನುಕ್ರಮದಲ್ಲಿ ಬರೆದು, ಹಾಳೆ ಸಾಲದೆ ಇನ್ನೊಂದನ್ನು ಕೇಳಿದರು. ‘ಸಾರ್, ಸಿವಿಲ್ ಬೇಡ, ಕ್ರಿಮಿನಲ್ ಇದ್ದರೆ ಮಾತ್ರ’ ಎಂದು ಗುಮಾಸ್ತರು ಕೈಮುಗಿದರು. ಜೀವಮಾನದ ಸಾಧನೆಯೆಲ್ಲ ಅನರ್ಹವೆಂದು ಒಂದು ಮಾತಿನಲ್ಲಿ ತಳ್ಳಿಹಾಕಲ್ಪಟ್ಟವರಂತೆ ಮೇಷ್ಟ್ರು ಆ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಆದರೆ ನಿಜವಾದ ಕಂಟಕವು ಅಡಗಿದ್ದುದು ಕಟ್ಟಕಡೆಯ ಹಾಳೆಯಲ್ಲಿ. ರ‍್ಯಾಗಿಂಗ್ ತಡೆಗಾಗಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರಲ್ಲಿ ಮಾಡಿದ ನಿಯಮಗಳಂತೆ, ತಾನು ಕಿರಿಯರನ್ನು ಪೀಡಿಸುವುದಿಲ್ಲವೆಂದು ವಿದ್ಯಾರ್ಥಿಯೂ, ತನ್ನ ಮಗುವು ಪೀಡಿಸದಂತೆ ನೋಡಿಕೊಳ್ಳುವೆನೆಂದು ತಂದೆತಾಯಿಗಳು ಅಥವಾ ಪೋಷಕರೂ ಪ್ರಮಾಣ ಮಾಡಿ ಸಹಿ ಹಾಕತಕ್ಕದ್ದು. ಮೇಷ್ಟ್ರ ತಂದೆತಾಯಿಗಳು ಸ್ವರ್ಗಸ್ಥರು. ಮಗ ಸಹಿ ಹಾಕಬಹುದೇ ಎಂದರೆ, ಮಗನಿಗೆ ತಂದೆಯು ಪೋಷಕನಾಗಬಹುದೇ ಹೊರತು ತಂದೆಗೆ ಮಗನು ಹೇಗೆ ಆದಾನೆಂದು ಮೇಷ್ಟ್ರೇ ಅದನ್ನು ವಜಾ ಮಾಡಿದರು. ಕುಟುಂಬದಲ್ಲಿ ಅವರಿಗಿಂತ ಹಿರಿಯರಾಗಿ ಬದುಕಿ ಉಳಿದಿದ್ದವರು ಒಬ್ಬರೇ: ಪ್ರತಿವಾದಿ.

ಬದುವಿನ ಆಚೆಯ ಜಗಲಿಯನ್ನು ಮೇಷ್ಟ್ರು ಆ ಸಂಜೆ ಹತ್ತಿದುದನ್ನು ಕಂಡು ಊರು ಉಸಿರು ಬಿಗಿಹಿಡಿಯಿತು. ರಾಜಿಯಾಗಿಹೋಯಿತೇನೋ, ಇನ್ನು ಸಂಜೆಗಳನ್ನು ಕಳೆಯುವುದು ಹೇಗೆಂದು ಕೆಲವರು ಕಳವಳಗೊಂಡರು. ಅಣ್ಣಯ್ಯನು ಕಾಗದವನ್ನು ಮೊಮ್ಮಗಳಿಂದ ಎರಡು ಸಲ ಓದಿಸಿ ಕೇಳಿದರು.

‘ಏನ್ಲಾ, ನಿನ್ನ ನಡತೆಗೆ ನಾನು ಜವಾಬ್ದಾರಿ ಅಂತ ಬರ್ಕೊಡ್‌ಬೇಕಾ? ಅದೇ ನಡತೆ ಸರಿಯಿಲ್ಲ ಅಂತ ಕೈಫಿಯತ್ತಿನಾಗೆ ಬರ್ದಿವ್ನಲ್ಲೋ?’

‘ಅದು ಬೇರೆ ಪ್ರೊಸೀಡಿಂಗ್ಸು, ಇದು ಬೇರೆ ಅಣ್ಣಯ್ಯ. ಇದ್ನ ಅಲ್ಲಿ ಎತ್ತಂಗಿಲ್ಲ.’

‘ನೀನೂ ಎತ್ತಂಗಿಲ್ಲ ತಾನೆ?’

‘ಎತ್ತಂಗಿಲ್ಲ.’

‘ಹಂಗಂತ ಕೆಳಗೆ ಒಂದು ಗೆರೆ ಬರಿ.’

‘ಉಭಯರ ಹಕ್ಕುಬಾಧ್ಯತೆಗಳಿಗೆ ಚ್ಯುತಿ ಬಾರದಂತೆ’ ಎಂದು ಮೇಷ್ಟ್ರು ಅಂದವಾದ ಅಕ್ಷರದಲ್ಲಿ ಬರೆದರು; ಅದರ ಕೆಳಗೆ ಅಣ್ಣಯ್ಯನ ಸಹಿ ಬಿದ್ದಿತು. ಮೂರು ಗುಂಟೆಯ ಆಸೆಯಿಂದ ಇವರಿಬ್ಬರೂ ಹೋರಾಡುತ್ತಿರುವರೆಂದು ತಿಳಿದವರು ಇವರನ್ನು ಅರಿಯರು. ತಿಂಗಳಿಗೊಮ್ಮೆ ಒಂದೇ ಬಸ್ಸಿನಲ್ಲಿ ಹೋಗಿ, ಒಂದೇ ಕೂಗಿಗೆ ಓಗೊಟ್ಟು, ಒಂದೇ ಹೋಟೆಲಿನ ಎದುರುಬದುರು ಮೇಜುಗಳಲ್ಲಿ ಇಡ್ಲಿ ತಿಂದು ಬರುವ ಈ ವ್ಯವಹಾರವು ನಿಂತುಹೋದರೆ, ಮದುವೆ ಸಾವುಗಳಿಗಲ್ಲದೆ ಒಬ್ಬರ ಮುಖವನ್ನೊಬ್ಬರು ನೋಡಲು ದಾಯಾದಿಗಳಿಗೆ ಬೇರೆ ಯಾವ ಕಾರಣವಿದೆ? ಬಾಂಧವ್ಯವನ್ನು ಉಳಿಸಿಕೊಳ್ಳಲು ಬಹುಮಂದಿ ವ್ಯಾಜ್ಯವನ್ನು ಬಿಡುವರು. ಇವರು ಅದೇ ಕಾರ್ಯಕ್ಕಾಗಿ ವ್ಯಾಜ್ಯವನ್ನು ಕಾಪಾಡಿಕೊಂಡು ಬಂದವರು.

ಹೊರಡಲೆದ್ದ ತಮ್ಮನನ್ನು ಅಣ್ಣಯ್ಯನು ಪೋಷಕನ ಗತ್ತಿನಿಂದ ನಿಲ್ಲಿಸಿ, ಕಾಲೇಜಿಗೆ ದಿನಾ ಹೋಗಬೇಕೇ ಎಂದು ವಿಚಾರಿಸಿದರು. ಪ್ರತಿ ವಿಷಯದಲ್ಲಿಯೂ ಶೇಕಡಾ 70 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದೂ, ವಾಯಿದೆಯ ದಿನಗಳು ಅಡ್ಡ ಬರುವುವೆಂದೂ, ಹದಿನೇಳನೆಯ ಆದೇಶದಂತೆ ಒಬ್ಬ ಪಕ್ಷಕಾರನಿಗೆ ವಿಚಾರಣೆಯ ಕಾಲದಲ್ಲಿ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಕೂಡದೆಂದು ಹೊಸ ನ್ಯಾಯಾಧೀಶರು ಕಟ್ಟುನಿಟ್ಟು ಮಾಡುತ್ತಿರುವರೆಂದೂ, ತಮ್ಮ ಮೂರು ಮುಗಿದೇಹೋಗಿರುವುವೆಂದೂ ಮೇಷ್ಟ್ರು ಖಿನ್ನರಾಗಿ ಅರಿಕೆ ಮಾಡಿಕೊಂಡರು.

ಅಣ್ಣಯ್ಯನು ಅಡಿಕೆಯ ಹೋಳನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಪರ್ಯಾಲೋಚಿಸಿದರು.

‘ನಿನ್ನವು ಮುಗುದ್ರೆ ಮುಗೀಲಿ ಬುಡು. ನನ್ನ ಮೂರೂ ಹಂಗೇ ಅವೆ. ಪರೀಕ್ಷೆ ಯಾವತ್ತು ಅಂತ ಮೊದ್ಲೇ ಹೇಳ್ಬುಡು, ವಾಯಿದೆ ನಾನು ಕೇಳ್ಕೊತೀನಿ, ನೀನು ಓದ್ಕೊ.’