ಮೆಜೆಸ್ಟಿಕ್ಕಿನಲ್ಲಿ ಪಾತ್ರಾಪಾತ್ರ ವಿವೇಚನೆ

ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಹಣ ಕೇಳುವವರನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯ ವರ್ಗದವರು ಕಾರಣ ಹೇಳದೆ ಕೈಚಾಚುವುದರಿಂದ ಅವರ ವಿಷಯದಲ್ಲಿ ಸತ್ಯಾಸತ್ಯದ ಪ್ರಶ್ನೆಯೇ ಏಳುವುದಿಲ್ಲ. ಎರಡನೆಯ ವರ್ಗದವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಗಲಿಗೊಂದು ಬ್ಯಾಗು ನೇತುಹಾಕಿಕೊಂಡು, ‘ಸಾರ್, ತಪ್ಪು ತಿಳ್ಕೋಬೇಡಿ’ ಎಂಬ ಪೀಠಿಕೆಯೊಂದಿಗೆ ಪರ್ಸು ಕಳೆದುಹೋದ ವೃತ್ತಾಂತವನ್ನು ನಿವೇದಿಸಿ, ಊರು ಸೇರಲು ಬೇಕಾದ ಬಸ್ ಚಾರ್ಜನ್ನು ಸಾಲವೆಂದು ಕೇಳಿ, ಹಿಂದಿರುಗಿಸುವುದಕ್ಕಾಗಿ ಫೋನ್ ನಂಬರನ್ನೂ ಬರೆದುಕೊಳ್ಳುತ್ತಾರೆ. ಪ್ರಸ್ತುತ ವಿಚಾರ ಇವರಿಗೆ ಸಂಬಂಧಿಸಿದ್ದು.

ದಾನಕ್ಕೆ ಅರ್ಹನಾದವನನ್ನು ಪಾತ್ರನೆಂದೂ ಅಲ್ಲದವನನ್ನು ಅಪಾತ್ರನೆಂದೂ ಕರೆದ ಶಾಸ್ತ್ರಗಳು, ಇಬ್ಬರನ್ನೂ ಬೇರ್ಪಡಿಸುವ ಹೊಣೆಯನ್ನು, ಅಂದರೆ ಪಾತ್ರಾಪಾತ್ರ ವಿವೇಚನೆಯನ್ನು, ಕೊಡುವವನ ತಲೆಗೇ ಕಟ್ಟಿವೆ. ದೇಶ, ಕಾಲ, ಪಾತ್ರಗಳನ್ನರಿತು ಕೊಟ್ಟದ್ದು ಸಾತ್ತ್ವಿಕ ದಾನವೆಂಬುದು ಭಗವದ್ಗೀತೆಯ 17ನೆಯ ಅಧ್ಯಾಯದ ಮತ. ಆದರೆ ಹೊರಟುನಿಂತ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟವನಿಗೆ ಅಷ್ಟೆಲ್ಲ ಅರಿಯಲು ಪುರುಸೊತ್ತೆಲ್ಲಿ? ಆತ ಎದುರಿನವನ ಚಪ್ಪಲಿ ನೋಡುತ್ತಾನೆ, ಬಾಯಿಯ ವಾಸನೆಯನ್ನು ಗ್ರಹಿಸುತ್ತಾನೆ, ಊರು ಹಾವೇರಿಯೆಂದರೆ ಮಾತಿನಲ್ಲಿ ಆ ಕಡೆಯ ಧಾಟಿಯುಂಟೇ ಎಂದು ಕಿವಿಗೊಡುತ್ತಾನೆ.

ಇವೆಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದೂ ತೀರ ಕಡಿಮೆ ನೆಚ್ಚತಕ್ಕದ್ದೂ ಆದದ್ದು ಕಥೆಯ ಪರೀಕ್ಷೆ. ನಿಜವಾಗಿ ಪರ್ಸು ಕಳೆದುಕೊಂಡವನು ಅದನ್ನು ಹೇಳುವುದು ಅದೇ ಮೊದಲಾದ್ದರಿಂದ ತೊದಲುತ್ತಾನೆ, ನಾಚಿ ನೆಲ ನೋಡುತ್ತಾನೆ, ಪರ್ಸು ಕಳೆದದ್ದು ಹತ್ತುವಾಗಲೋ ಇಳಿಯುವಾಗಲೋ ಎಂದು ಕೇಳಿದರೆ ತಬ್ಬಿಬ್ಬಾಗುತ್ತಾನೆ. ಕಸುಬಿನವನಾದರೋ ಬೆಳಗಿನಿಂದ ಹತ್ತಾರು ಮಂದಿಯೆದುರು ಹೇಳಿ ಪಳಗಿರುವುದರಿಂದ ಕಣ್ಣೀರನ್ನೂ ಸರಿಯಾದ ಜಾಗದಲ್ಲಿಯೇ ತರುತ್ತಾನೆ. ಹೀಗಾಗಿ ಸುಳ್ಳಿಗೆ ಬಸ್ ಚಾರ್ಜೂ, ಸತ್ಯಕ್ಕೆ ‘ದುಡಿದು ತಿನ್ನೋಕೇನಯ್ಯಾ’ ಎಂಬ ಹಿತವಚನವೂ ಸಲ್ಲುತ್ತವೆ.

2023ರ ಜೂನ್ 11ರಂದು ಶಕ್ತಿ ಯೋಜನೆ, ಎಂದರೆ ರಾಜ್ಯದ ಮಹಿಳೆಯರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತ ಪ್ರಯಾಣ ಕಲ್ಪಿಸುವ ವ್ಯವಸ್ಥೆ, ಜಾರಿಗೆ ಬಂದಾಗ ಹಾಸನಕ್ಕೆ ಚಾರ್ಜು ಕೇಳುವ ಹೆಂಗಸಿನ ಕಥೆ ನ್ಯಾಯವಾಗಿ ಮುಗಿಯಬೇಕಾಗಿತ್ತು. ಆದರೆ ಉಚಿತ ಟಿಕೆಟ್ಟಿಗೆ ಗುರುತಿನ ಚೀಟಿ ತೋರಿಸಬೇಕಾಗಿರುವುದರಿಂದ, ಆಧಾರ್ ಕಾರ್ಡೂ ಅದೇ ಪರ್ಸಿನಲ್ಲಿತ್ತೆಂದರೆ ಸಾಕು, ಕಥೆ ಮತ್ತೆ ಎದ್ದು ಕೂರುತ್ತದೆ. ಅದು ನಿಜವೂ ಆಗಿರಬಹುದೆಂಬುದೇ ತೊಡಕು. ಇತ್ತ ಕೊಡುವವನ ಪರಂಪರಾಗತ ರಕ್ಷಾಕವಚವಾಗಿದ್ದ ‘ಚಿಲ್ಲರೆ ಇಲ್ಲ’ ಎಂಬ ಮಾತನ್ನು ಫೋನ್‌ಪೇ ಕಸಿದುಕೊಂಡಿದೆ.

ತಕ್ಕಮಟ್ಟಿಗೆ ನೆಚ್ಚಬಹುದಾದ ಉಪಾಯವೆಂದರೆ ಕೇಳಿದವನ ಜೊತೆಗೇ ಹೋಗಿ ಕಂಡಕ್ಟರನ ಕೈಗೆ ದುಡ್ಡು ಕೊಟ್ಟು ಟಿಕೆಟ್ ತೆಗೆಸಿಕೊಡುವುದು. ಊರಿಗೆ ಹೋಗಬೇಕಾದವನು ಹಿಂದೆಯೇ ಬರುತ್ತಾನೆ; ಬೇಡದವನಿಗೆ ಯಶವಂತಪುರದಲ್ಲಿ ಚಿಕ್ಕಪ್ಪನಿರುವುದು ಥಟ್ಟನೆ ನೆನಪಾಗುತ್ತದೆ. ಇದರಲ್ಲಿರುವ ದೋಷವೊಂದೇ, ಪರೀಕ್ಷೆ ಮುಗಿಯುವ ಹೊತ್ತಿಗೆ ಪರೀಕ್ಷಕನ ಬಸ್ಸು ಹೊರಟುಹೋಗಿರುತ್ತದೆ.

ಇಪ್ಪತ್ತು ರೂಪಾಯಿಗಾಗಿ ಇಷ್ಟೆಲ್ಲ ಪಾಟೀಸವಾಲು ನಡೆಸುವ ಗೃಹಸ್ಥನಿಗೆ ಬೆಂಗಳೂರಿನಲ್ಲಿ ಸ್ವಂತ ಮನೆಯಿದ್ದರೆ, 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಫಲವಾಗಿ ಆತ ತನ್ನ ಆಸ್ತಿ ತೆರಿಗೆಯ ಜೊತೆಗೆ ಅದರ ಶೇ. 3ರಷ್ಟನ್ನು ಭಿಕ್ಷುಕರ ಸೆಸ್ ಎಂದು, ಯಾರ ಕಥೆಯನ್ನೂ ಕೇಳದೆ, ವರ್ಷವರ್ಷವೂ ಕಟ್ಟುತ್ತಿರುತ್ತಾನೆ.