ಬೀಗರೊಡನೆ ಅರ್ಧ ದಿನದ ಸ್ಟಾಕ್‌ಹೋಮ್

ಪರದೇಶದ ಕನ್ನಡ ಮನೆಗೆ ಊರಿಂದ ಹಿರಿಯರು ಬಂದರೆ ಮೊದಲ ವಾರ ಚಟ್ನಿಪುಡಿ, ಉಪ್ಪಿನಕಾಯಿ ಗಂಟು ಬಿಚ್ಚುವುದರಲ್ಲಿ ಕಳೆಯುತ್ತದೆ. ಎರಡನೇ ವಾರ, ರಾತ್ರಿ ಹತ್ತಾದರೂ ಮುಳುಗದ ಸೂರ್ಯನನ್ನು ಬೈಯುವುದರಲ್ಲಿ. ಮೂರನೇ ವಾರಕ್ಕೆ ಶುರುವಾಗುತ್ತದೆ ನೋಡಿ: “ಇಲ್ಲಿ ಮಂದೀನ ಕಾಣಂಗಿಲ್ಲಲ್ಲವಾ?” ಷೆಂಗೆನ್ ವೀಸಾ ಇರುವುದು 90 ದಿನಕ್ಕೆ. ಮಿಕ್ಕ ದಿನ ದೂಡಲು ನಮ್ಮಂಥವರು ಕಂಡುಕೊಂಡ ಉಪಾಯವೇ ಗೈಡ್ ಸಮೇತ ಅರ್ಧ ದಿನದ ಬಸ್ ಟೂರು. ಇಡೀ ದಿನದ ಟೂರಾದರೆ ಮಂಡಿ ಊದಿಕೊಳ್ಳುತ್ತದೆ, ಟೂರೇ ಇಲ್ಲದಿದ್ದರೆ ಮುಖ ಊದಿಕೊಳ್ಳುತ್ತದೆ.

ನಮ್ಮ ಮನೆಗೆ ಈ ಸಲ ಬೀಗರಿಬ್ಬರೂ ಜೋಡಿಯಾಗಿ ಬಂದಿದ್ದರು. ಒಂದೇ ಸಲ ವೀಸಾ ಕಾಗದ, ಒಂದೇ ಸಲ ಏರ್‌ಪೋರ್ಟಿನ ಓಡಾಟ ಎಂಬುದು ನಮ್ಮ ಯಜಮಾನರ ಲೆಕ್ಕ. ಬೀಗರನ್ನು ಒಂದೇ ಸೂರಿನಡಿ ಇಟ್ಟುಕೊಂಡರೆ ಸೊಸೆಗೆ ಬೀಳುವ ಖರ್ಚು ಆ ಲೆಕ್ಕದಲ್ಲಿ ಇರಲಿಲ್ಲ. ನಮ್ಮಪ್ಪ ಸಿರುಗುಪ್ಪದವರು, ಭತ್ತದ ರೈತರು. ಅವ್ವನ ತವರು ಕುರುಗೋಡು. ಮಾವ ಖಾಸಾ ಬಳ್ಳಾರಿ ಊರಿನವರು, ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿ ನಿವೃತ್ತರಾದವರು. ಮೂವರಿಗೂ ಜಿಲ್ಲೆ ಒಂದೇ, ದೇಶ ಬೇರೆ ಬೇರೆ.

ಬಸ್ಸು ಹೊರಡುವುದು ಒಪೆರಾ ಪಕ್ಕದ ಗುಸ್ತಾವ್ ಅಡಾಲ್ಫ್ ಚೌಕದಿಂದ. ಕಿಟಕಿ ಸೀಟಿಗಾಗಿ “ನೀವು ಕೂಡ್ರಿ ಬೀಗರೇ”, “ಛೇ, ನೀವು ಕೂಡ್ರಿ” ನಡೆದು, ಕಡೆಗೆ ಕಿಟಕಿ ಪಕ್ಕ ಅವ್ವನ ಊಟದ ಡಬ್ಬಿ ಕೂತಿತು. ಗೈಡ್ ಚುರುಕಾದ ಹುಡುಗಿ. ಈ ನಗರ 14 ದ್ವೀಪಗಳ ಮೇಲಿದೆ ಎಂದು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದಳು. ಮಾವ ಅದನ್ನು ಬೀಗರಿಗೆ ಕನ್ನಡದಲ್ಲಿ ವಿವರಿಸುವಷ್ಟರಲ್ಲಿ ಅದರಲ್ಲಿ ಮೂರು ದ್ವೀಪ ಹಿಂದೆ ಹೋಗಿದ್ದವು.

ಮೊದಲ ನಿಲುಗಡೆ ಸಿಟಿ ಹಾಲ್. 1923ರಲ್ಲಿ ಉದ್ಘಾಟನೆಯಾದ, ಸುಮಾರು 80 ಲಕ್ಷ ಇಟ್ಟಿಗೆ ನುಂಗಿದ ಕಟ್ಟಡ. ಒಳಗೆ ‘ನೀಲಿ ಹಾಲ್’ ಎಂಬ ಭಾರಿ ಅಂಗಳ. ಅದರಲ್ಲಿ ಎಲ್ಲಿ ಹುಡುಕಿದರೂ ನೀಲಿ ಇಲ್ಲ, ಬರೀ ಕೆಂಪು ಇಟ್ಟಿಗೆ. ವಾಸ್ತುಶಿಲ್ಪಿ ರಾಗ್ನಾರ್ ಓಸ್ಟ್‌ಬೆರಿ ನೀಲಿ ಮಾಡಬೇಕೆಂದೇ ಹೊರಟಿದ್ದರಂತೆ, ಕಟ್ಟಿದ ಮೇಲೆ ಇಟ್ಟಿಗೆಯ ಕೆಂಪೇ ಹಿಡಿಸಿ ಹಾಗೇ ಬಿಟ್ಟರಂತೆ. ಹೆಸರು ಮಾತ್ರ ನೀಲಿಯಾಗಿಯೇ ಉಳಿಯಿತು. ಗೈಡ್ ಇದನ್ನು ಹೆಮ್ಮೆಯಿಂದ ಹೇಳಿದಳು. ಅಪ್ಪನಿಗೆ ಮೂಗಿನ ಮೇಲೆ ಬೆರಳು. “ಬಿಲ್ಲಿನಾಗ ನೀಲಿ ಬಣ್ಣದ ರೊಕ್ಕ ಬರೆದಿದ್ರೋ ಇಲ್ಲೋ ಕೇಳ್ರಿ ಬೀಗರೇ” ಎಂದರು. ಮಾವ ಕೇಳಲಿಲ್ಲ, ಮೇಷ್ಟ್ರ ಮರ್ಯಾದೆ ಅಡ್ಡ ಬಂತು.

ಪ್ರತಿ ವರ್ಷ ಡಿಸೆಂಬರ್ 10ರಂದು ನೊಬೆಲ್ ಔತಣ ನಡೆಯುವುದು ಇದೇ ಅಂಗಳದಲ್ಲಿ. ಸಾವಿರದ ಮುನ್ನೂರರಷ್ಟು ಅತಿಥಿಗಳು, ತಲೆಗೆ ಅರವತ್ತು ಸೆಂಟಿಮೀಟರ್ ಮೇಜು. ಅವ್ವ ಕೈಯಲ್ಲೇ ಗೇಣು ಹಾಕಿ ನೋಡಿ, “ಇಷ್ಟರಾಗ ಎಲೀನೂ ಹಿಡಿಯಂಗಿಲ್ಲ. ನಮ್ಮ ಕುರುಗೋಡು ತೇರಿನಾಗ ಎಷ್ಟು ಮಂದಿ ಉಣ್ತಾರ, ಯಾರಿಗೂ ಅಳತಿ ಹಿಡಿದು ಕೂಡ್ರಿಸಂಗಿಲ್ಲ” ಎಂದು ತೀರ್ಪು ಕೊಟ್ಟಳು.

ನೊಬೆಲ್ ಅಂದಕೂಡಲೇ ಮಾವ ಎದೆಯುಬ್ಬಿಸಿದರು. “1930ರಾಗ ಸಿ.ವಿ. ರಾಮನ್ ಇದೇ ಊರಿಗೆ ಬಂದು ಪ್ರಶಸ್ತಿ ತಗೊಂಡ್ರು. ನಮ್ಮೋರು.”

“ಅವ್ರು ಬಳ್ಳಾರಿಯೋರೇನ್ರಿ?” ಅಪ್ಪನಿಗೆ ಅನುಮಾನ.

“ಹುಟ್ಟಿದ್ದು ತಿರುಚಿನಾಪಳ್ಳಿ. ಆಗ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದಾಗಿತ್ತು, ತಿರುಚಿನಾಪಳ್ಳಿಯೂ ಅದರಾಗೇ ಇತ್ತು. ನಾವು ಮೈಸೂರು ರಾಜ್ಯಕ್ಕ ಬಂದದ್ದು 1953ರಾಗ. ಲೆಕ್ಕ ಹಾಕಿದ್ರ ನಮ್ಮೋರೇ.”

“ಹಂಗಾರ ಸಿರುಗುಪ್ಪಕ್ಕೂ ಪಾಲು ಬರತೈತಿ” ಎಂದು ಅಪ್ಪ ತಮ್ಮ ಭಾಗವನ್ನು ಅಲ್ಲೇ ವಸೂಲಿ ಮಾಡಿಕೊಂಡರು.

ಬಸ್ಸು ಸ್ಲುಸ್ಸೆನ್ ಎಂಬಲ್ಲಿಗೆ ಬಂದಾಗ ತೂಕಡಿಸುತ್ತಿದ್ದ ಅಪ್ಪ ಎದ್ದು ಕೂತರು. ಒಂದು ಕಡೆ ಮೆಲಾರೆನ್ ಸರೋವರದ ಸಿಹಿನೀರು, ಇನ್ನೊಂದು ಕಡೆ ಬಾಲ್ಟಿಕ್ ಸಮುದ್ರ, ನಡುವೆ ತೂಬಿನ ಬಾಗಿಲು. ಮಳೆ ಹೆಚ್ಚಾದರೆ ಸರೋವರದ ನೀರನ್ನು ಸಮುದ್ರಕ್ಕೆ ಬಿಡಬೇಕು. ಸಮುದ್ರದ ಉಪ್ಪುನೀರು ಮಾತ್ರ ಒಳಗೆ ನುಗ್ಗಬಾರದು, ಊರಿನ ಕುಡಿಯುವ ನೀರು ಆ ಸರೋವರದ್ದೇ. ತುಂಗಭದ್ರಾ ಕೆಳಮಟ್ಟದ ಕಾಲುವೆಯನ್ನು ಆಯುಷ್ಯವಿಡೀ ಕಾಯ್ದ ಮನುಷ್ಯನಿಗೆ ಅರಮನೆ ಬೇಡ, ತೂಬು ಸಾಕು. ಗೇಟಿನ ಕೀಲಿ ಯಾರ ಕೈಯಲ್ಲಿದೆ, ರಾತ್ರಿ ಯಾರೂ ಕಳ್ಳತನದಿಂದ ಎತ್ತುವುದಿಲ್ಲವೇ, ಕೊನೆ ಭಾಗದ ರೈತರಿಗೆ ನೀರು ಮುಟ್ಟುತ್ತದೆಯೇ ಎಂದು ಒಂದರ ಹಿಂದೊಂದು ಪ್ರಶ್ನೆ. ಕೊನೆ ಭಾಗದಲ್ಲಿ ಸಮುದ್ರವೇ ಇರುವುದು ಎಂದಳು ಗೈಡ್. “ಕಾಲುವಿ ಕೊನೀಗೆ ಇಷ್ಟು ನೀರು ನಾನು ಇದೇ ಮೊದಲು ನೋಡಿದ್ದು” ಎಂದರು ಅಪ್ಪ.

ಮುಂದೆ ಫ್ಯೆಲ್‌ಗಾಟನ್ ಎಂಬ ದಿಬ್ಬದ ಬೀದಿ. ಅಲ್ಲಿಂದ ಹಳೇ ಊರು, ನೀರು, ಹಡಗು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಎಲ್ಲರೂ ಫೋಟೋ ತೆಗೆದುಕೊಂಡರು. ಮಾವ ತೆಗೆಯಲಿಲ್ಲ. ಹುಬ್ಬು ಗಂಟಿಕ್ಕಿ, “ಇಲ್ಲಿಂದ ಊರೆಲ್ಲ ಕಾಣ್ತದ. ಫಿರಂಗಿ ಇಟ್ರ ಊರಿನ ಗತಿ?” ಎಂದು ಗೈಡಿಗೇ ಇಂಗ್ಲಿಷಿನಲ್ಲಿ ಕೇಳಿದರು. ಆಕೆ ಉತ್ತರ ಹುಡುಕುವಷ್ಟರಲ್ಲಿ ಬಳ್ಳಾರಿ ಕೋಟೆಯ ಪಾಠ ಶುರುವಾಗಿತ್ತು. ಮೇಲಿನ ಕೋಟೆ ಹನುಮಪ್ಪ ನಾಯಕ ಕಟ್ಟಿಸಿದ್ದು. ಕೆಳಗಿನದು ಹೈದರಾಲಿಯದು, ಅದಕ್ಕೆ ಫ್ರೆಂಚ್ ಎಂಜಿನಿಯರ್. ಕೋಟೆಯೆಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ! ವೈರಿ ಅಲ್ಲಿ ಫಿರಂಗಿ ಏರಿಸಿದರೆ ಮುಗಿಯಿತು. ಸಿಟ್ಟಿಗೆದ್ದ ಹೈದರ್ ಆ ಎಂಜಿನಿಯರನ್ನು ಕೋಟೆ ಬಾಗಿಲಲ್ಲೇ ನೇಣಿಗೆ ಹಾಕಿಸಿದ ಎಂಬುದು ಬಳ್ಳಾರಿಯಲ್ಲಿ ಮಕ್ಕಳಿಗೂ ಗೊತ್ತಿರುವ ಬಾಯಿಮಾತು. ಬಸ್ಸಿನ ಜರ್ಮನರು, ಜಪಾನಿಯರು ಬಾಯಿ ಬಿಟ್ಟು ಕೇಳಿದರು. ನಮ್ಮ ಟೂರಿನಲ್ಲಿ ಒಬ್ಬ ಗೈಡ್ ಹೆಚ್ಚಾದದ್ದು ಆ ಗಳಿಗೆಯಲ್ಲಿ.

ಹಳೇ ಊರಾದ ಗಾಮ್ಲಾ ಸ್ಟಾನ್‌ನಲ್ಲಿ ನಡಿಗೆ. ಅಲ್ಲಿ ಮೋರ್ಟನ್ ಟ್ರೋಟ್ಸಿಗ್ ಎಂಬ ಓಣಿಯಿದೆ, 36 ಮೆಟ್ಟಿಲು, ತೀರ ಕಿರಿದಾದ ಕಡೆ 90 ಸೆಂಟಿಮೀಟರ್ ಅಗಲ. ಅಪ್ಪ ಮೇಲಿಂದ ಇಳಿದರು, ಆಗಲೇ ಕೆಳಗಿಳಿದಿದ್ದ ಮಾವ ಮರೆತ ಟೋಪಿಗಾಗಿ ಮೇಲೆ ಹತ್ತಿದರು. ಸರಿಯಾಗಿ ಕಿರಿದಾದ ಕಡೆಯೇ ಬೀಗರ ಭೇಟಿ. “ನೀವು ಮೊದಲು ಬರ್ರಿ.” “ಏ, ನೀವು ಹಿರೇರು, ಮೊದಲು ಇಳೀರಿ.” “ಹೆಣ್ಣು ಕೊಟ್ಟೋರು ನಾವು, ಮುಂದ ಹೆಂಗ ಹೋಗೂಣು?” ಮದುವೆ ಮಂಟಪದಲ್ಲಿ ಮುಗಿಯದೆ ಉಳಿದಿದ್ದ ಉಪಚಾರವೆಲ್ಲ ಅಲ್ಲಿ ನಡೆಯಿತು. ಮೇಲೆ ಒಂದು ತಂಡ, ಕೆಳಗೆ ಒಂದು ತಂಡ ಕಾಯುತ್ತ ನಿಂತವು. ಸರದಿ ಎಂದರೆ ಪ್ರಾಣ ಬಿಡುವ ಸ್ವೀಡನ್ನಿನ ಜನ ತುಟಿಪಿಟಕ್ ಅನ್ನಲಿಲ್ಲ. ಕಡೆಗೆ ನನ್ನ ಒಂಬತ್ತು ವರ್ಷದ ಮಗಳು ನಡುವೆ ತೂರಿ, ಟೋಪಿಯನ್ನು ಕೆಳಗೆ ತಂದುಕೊಟ್ಟು, ಇಬ್ಬರು ಅಜ್ಜಂದಿರನ್ನೂ ಒಂದೇ ದಿಕ್ಕಿಗೆ ತಿರುಗಿಸಿದಳು.

ಸಿನಮನ್ ಬನ್ನು, ಕಾಫಿಯ ವಿರಾಮಕ್ಕೆ ಹತ್ತು ನಿಮಿಷ. ಒಂದು ಬನ್ನಿನ ಬೆಲೆಯನ್ನು ಮಾವ ರೂಪಾಯಿಗೆ ತಿರುಗಿಸಿ ಹೇಳಿದ್ದೇ ಅವ್ವ ಡಬ್ಬಿ ತೆರೆದಳು. ನೆನೆಸಿ ಹಿಂಡಿದ ಮಂಡಾಳು, ಅದಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ, ಹುಣಸೆಹುಳಿಯ ಒಗ್ಗರಣೆ, ಮೇಲೆ ಪುಟಾಣಿ ಹಿಟ್ಟು. ಮಿರ್ಚಿ ಬಜ್ಜಿ ಇಲ್ಲದ ಒಗ್ಗರಣಿ ಬಳ್ಳಾರಿಯೊಳಗೆ ನಾಷ್ಟಾ ಅನ್ನಿಸಿಕೊಳ್ಳುವುದಿಲ್ಲ ಎಂದು ಮಾವ ಆಕ್ಷೇಪ ತೆಗೆದರು, ತೆಗೆಯುತ್ತಲೇ ಎರಡು ಸಲ ಹಾಕಿಸಿಕೊಂಡರು. ಗೈಡ್ ಹುಡುಗಿ ಒಂದು ಚಮಚ ತಿಂದು, ನೀರು ಕುಡಿದು, ಇನ್ನೊಂದು ಚಮಚ ಕೇಳಿದಳು.

ಕಡೆಯದು ವಾಸಾ ಮ್ಯೂಸಿಯಂ. ಮಬ್ಬು ಬೆಳಕು, ಒಳಗೆ 69 ಮೀಟರ್ ಉದ್ದದ ಕಪ್ಪು ಮರದ ಹಡಗು. ಕಣ್ಣೆತ್ತಿದಷ್ಟೂ ಕೆತ್ತನೆ: ಸಿಂಹ, ಯೋಧರು, ರಾಜರು. ಎರಡನೇ ಗುಸ್ತಾವ್ ಅಡಾಲ್ಫ್ ಕಟ್ಟಿಸಿದ, 64 ಫಿರಂಗಿ ಹೊತ್ತ ಯುದ್ಧನೌಕೆ. ಹೊರಡುವ ಮೊದಲು ಮೂವತ್ತು ಜನರನ್ನು ಅಟ್ಟದ ಮೇಲೆ ಆ ಬದಿಯಿಂದ ಈ ಬದಿಗೆ ಓಡಿಸಿ ಪರೀಕ್ಷೆ ಮಾಡಿದರು. ಮೂರು ಸಲ ಓಡುವಷ್ಟರಲ್ಲಿ ಹಡಗು ವಾಲಾಡಿ, ಪರೀಕ್ಷೆಯನ್ನೇ ನಿಲ್ಲಿಸಿದರು, ಹಡಗನ್ನು ನಿಲ್ಲಿಸಲಿಲ್ಲ. ರಾಜನಿಗೆ ಅವಸರ. ಮೊದಲ ಯಾನದಲ್ಲೇ ಒಂದು ಗಾಳಿ ಬೀಸಿತು, ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು, ಸುಮಾರು 1,300 ಮೀಟರ್ ಸಾಗಿ ದಡದಲ್ಲಿ ನಿಂತ ಊರ ಜನರ ಕಣ್ಣೆದುರೇ ಮುಳುಗಿತು. “ನಮ್ಮಲ್ಲಿ ರಾಜ ಇಲ್ಲ, ಉದ್ಘಾಟನಿ ತಾರೀಖು ಐತಿ. ಅವಸರ ಅದೇ” ಎಂದರು ಅಪ್ಪ.

“ದಿನಾಂಕ 1628ರ ಆಗಸ್ಟ್ 10” ಎಂದು ಮಾವ ಅನುವಾದಿಸಿದರು.

ಅಪ್ಪ ಕಂಬಿ ಹಿಡಿದು ನಿಂತುಬಿಟ್ಟರು. “ತಾರೀಖು ಎಷ್ಟಂದ್ರಿ?”

2024ರ ಆಗಸ್ಟ್ 10ರ ರಾತ್ರಿಯೇ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನು ಹರಿದು ಕೊಚ್ಚಿಹೋದದ್ದು. ಸಿರುಗುಪ್ಪದ ಯಾವ ರೈತನೂ ಆ ರಾತ್ರಿ ಮಲಗಿರಲಿಲ್ಲ. ತುಂಬಿದ ಡ್ಯಾಮಿನಿಂದ ಹರಿದುಹೋಗುತ್ತಿದ್ದದ್ದು ಅವರ ಇಡೀ ವರ್ಷದ ಭತ್ತ. ಅಪ್ಪ ಕನ್ನಡದಲ್ಲಿ ಹೇಳಿದರು, ಮಾವ ಇಂಗ್ಲಿಷಿಗೆ ತಂದರು. ಮೊದಲ ಸಲ ಬೀಗರ ಮಾತಿಗೆ ಬೀಗರು ಒಂದಕ್ಷರ ಸೇರಿಸಲಿಲ್ಲ. ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರು ಬಂದದ್ದು, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಾಗಿ ಸ್ಟಾಪ್‌ಲಾಗ್ ಇಳಿಸಿದ್ದು ಎಲ್ಲ ಬಂತು. ಬೇರೆ ತಂಡದವರೂ ಬಂದು ಸುತ್ತ ನಿಂತರು.

ಈ ಹಡಗನ್ನು ಮೇಲೆತ್ತಿದ್ದು 1961ರ ಏಪ್ರಿಲ್ 24ರಂದು, 333 ವರ್ಷದ ಮೇಲೆ ಎಂದಳು ಗೈಡ್. ಅಪ್ಪ ತಲೆಯಾಡಿಸಿದರು. “ನೋಡವಾ, ನಿಮ್ಮೋರು ಮುಳುಗಿದ್ದನ್ನ ಎತ್ತಾಕ 333 ವರ್ಷ ತಗೊಂಡ್ರು. ನಮ್ಮೋರು ಒಂದು ವಾರದಾಗ ಮುಚ್ಚಿ ತೋರಿಸಿದ್ರು.” ಯಾರೋ ಚಪ್ಪಾಳೆ ತಟ್ಟಿದರು.

ಮಾವನಿಗೆ ಇನ್ನೊಂದು ಸಂಶಯ ಉಳಿದಿತ್ತು. “ಯಾರನ್ನ ಗಲ್ಲಿಗೇರಿಸಿದ್ರು?” ಯಾರನ್ನೂ ಇಲ್ಲವಂತೆ. ವಿಚಾರಣೆ ನಡೆಯಿತು. ಹಡಗಿನ ಮುಖ್ಯ ಬಡಗಿ ಹಿಂದಿನ ವರ್ಷವೇ ತೀರಿಕೊಂಡಿದ್ದ, ಅಳತೆಗೆ ಒಪ್ಪಿದವನು ಸ್ವತಃ ರಾಜ. ಕಡತ ಅಲ್ಲಿಗೇ ಮುಗಿಯಿತು. “ಹೈದರಾಲಿ ಎಂಜಿನಿಯರ್ ಇಲ್ಲಿ ಹುಟ್ಟಬೇಕಿತ್ತು ನೋಡ್ರಿ, ಪಿಂಚಣಿ ತಗೊಂಡು ಇರತಿದ್ದ” ಎಂದರು ಮಾವ. ಮರ ಕೊಳೆಯದಿರಲೆಂದು ಹಡಗಿಗೆ 17 ವರ್ಷ ಮೇಣದಂಥ ದ್ರಾವಣ ಸಿಂಪಡಿಸಿದರೆಂಬುದು ಅವ್ವನ ಕಿವಿಗೆ ಬಿತ್ತು. “17 ವರ್ಷ ಎಣ್ಣಿಸ್ನಾನ? ನಮ್ಮ ಕುರುಗೋಡಿನ ದೊಡ್ಡಬಸಪ್ಪ ಒಂದೇ ಕಲ್ಲಿನಾಂವ. ಮುಳುಗಂಗಿಲ್ಲ, ಕೊಳಿಯಂಗಿಲ್ಲ. ಟಿಕೀಟೂ ಇಲ್ಲ.”

ಅವ್ವ ಕಡೆಗೆ ಹೇಳಿದ ಟಿಕೀಟಿನ ಮಾತೇ ಇಲ್ಲಿ ಮುಖ್ಯ. ಬಳಿಯದ ಬಣ್ಣ, ತೇಲದ ಹಡಗು, ಸರಿಯಾಗಿ ನಡೆಯಲಾಗದ ಓಣಿ. ಸ್ಟಾಕ್‌ಹೋಮಿನವರು ತಮ್ಮ ಎಡವಟ್ಟುಗಳನ್ನೇ ಒರೆಸಿ, ದೀಪ ಹಾಕಿ, ತಾರೀಖಿನ ಸಮೇತ ಹೇಳಿ ಟಿಕೆಟ್ ಮಾರುತ್ತಾರೆ. ನಮ್ಮಲ್ಲಿ ಕೋಟೆಯಿದೆ, ಕಥೆಯೂ ಇದೆ, ಹೇಳುವ ನಿವೃತ್ತ ಮೇಷ್ಟ್ರೂ ಇದ್ದಾರೆ. ಕೇಳುವವರು ಮಾತ್ರ ಸ್ವೀಡನ್ನಿನಲ್ಲಿ ಸಿಕ್ಕರು.

ಆದ್ದರಿಂದ ಹೊರನಾಡ ಬಂಧುಗಳೇ, ಹಿರಿಯರು ಬಂದಾಗ ಅರ್ಧ ದಿನದ ಟೂರಿಗೆ ಧಾರಾಳವಾಗಿ ಕಳಿಸಿ. ಆದರೆ ಮುಂದಿನ ಡಿಸೆಂಬರ್ ರಜೆಗೆ ಊರಿಗೆ ಹೋದಾಗ ಮಕ್ಕಳಿಗೂ ಒಂದು ಅರ್ಧ ದಿನ ಮಾಡಿಸಿ. ಬಿಸಿಲೇರುವ ಮೊದಲು ಬಳ್ಳಾರಿ ಗುಡ್ಡ ಹತ್ತಿ, ಕುಂಬಾರ ಗುಡ್ಡವನ್ನು ಕಣ್ಣಳತೆಯಲ್ಲಿ ಅಳೆಯಿರಿ. ಇಳಿದು ಒಗ್ಗರಣಿ-ಮಿರ್ಚಿ ತಿನ್ನಿ. ಅಲ್ಲಿಂದ ಕುರುಗೋಡಿನ ದೊಡ್ಡಬಸವೇಶ್ವರ, ಆಮೇಲೆ ಸಿರುಗುಪ್ಪದ ಭತ್ತದ ಗದ್ದೆಗಳನ್ನು ಹಾದು ಕೆಂಚನಗುಡ್ಡದ ಬಳಿ ತುಂಗಭದ್ರೆ. ಗೈಡಿಗಾಗಿ ಹೊರಗೆ ಹುಡುಕಬೇಡಿ, ಮನೆಯಲ್ಲೇ ಒಬ್ಬರಿರುತ್ತಾರೆ. ದುಡ್ಡು ಕೊಡುವುದು ಬೇಡ, ನಡುವೆ ಬಾಯಿ ಹಾಕದಿದ್ದರೆ ಸಾಕು.