ಸಾಲಮೀಮಾಂಸಾ ಪ್ರವೇಶಿಕೆ

ಯಾವುದೇ ಶಾಸ್ತ್ರಕ್ಕೆ ಕೈ ಹಾಕುವ ಮುನ್ನ ನಾಲ್ಕು ಅನುಬಂಧಗಳನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಅದರಂತೆ, ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ ಒಂದನೇ ತಾರೀಕು ಬಂದ ಸಂಬಳ ಐದನೇ ತಾರೀಕಿಗೆ ಕಾಣದಂತಾಗುವವನು. ವಿಷಯ, ಸಾಲ. ಪ್ರಯೋಜನ, ಅದನ್ನು ತೀರಿಸುವುದು ಮತ್ತು ತೀರುವ ತನಕ ನಿದ್ದೆಗೆಡದೆ ಇರುವುದು. ನಾಲ್ಕನೆಯದಾದ ಸಂಬಂಧದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೈಗಡ ಕೇಳಿದ ಮೇಲೆ ಅದು ಎಷ್ಟು ಉಳಿಯುತ್ತದೆಂದು ಓದುಗರು ಬಲ್ಲರು.

ಒಬ್ಬನಿಗೆ ಸಾಲವಿದೆ ಎಂದು ತಿಳಿಯುವುದು ಹೇಗೆ? ಅವನಾಗಿ ಹೇಳುವುದಿಲ್ಲವಾದ್ದರಿಂದ ಇಲ್ಲಿ ಪ್ರತ್ಯಕ್ಷ ಪ್ರಮಾಣ ಸಿಗದು. ಮೀಮಾಂಸಕರ ಅರ್ಥಾಪತ್ತಿಯೇ ಗತಿ. ಹಗಲು ಊಟ ಮಾಡದ ದೇವದತ್ತ ಮೈತುಂಬಿಕೊಂಡಿದ್ದಾನೆಂದರೆ ಅವನು ರಾತ್ರಿ ಉಣ್ಣುತ್ತಾನೆಂದೇ ಅರ್ಥ ಎಂದು ಅವರು ಬಹಳ ಹಿಂದೆಯೇ ಸಾಧಿಸಿದ್ದಾರೆ. ಅದೇ ದೇವದತ್ತ ಈಗ 28 ಸಾವಿರ ಸಂಬಳದ ಮೇಲೆ 80 ಸಾವಿರದ ಫೋನ್ ಹಿಡಿದು ಓಡಾಡುತ್ತಿದ್ದಾನೆ. ಉಳಿದದ್ದನ್ನು ಊಹಿಸಲು ಶಾಸ್ತ್ರ ಓದಿರಬೇಕಾಗಿಲ್ಲ.

ಇನ್ನು ಪೂರ್ವಾಚಾರ್ಯರು. ಸಾಲ ಮಾಡಿಯಾದರೂ ತುಪ್ಪ ಕುಡಿ ಎಂದು ಚಾರ್ವಾಕ ಹೇಳಿದನಂತೆ. ಅವನ ಗ್ರಂಥಗಳು ಉಳಿದಿಲ್ಲ, ಅವನನ್ನು ಬೈದವರ ಗ್ರಂಥಗಳು ಉಳಿದಿವೆ. ಹಾಗಾಗಿ ಈ ಸಲಹೆ ಅವನದೋ, ವಿರೋಧಿಗಳು ಅವನ ತಲೆಗೆ ಕಟ್ಟಿದ್ದೋ ಎಂಬುದು ಚರ್ಚಾಸ್ಪದ. ಕೌಟಿಲ್ಯನ ವಿಚಾರದಲ್ಲಿ ಇಂಥ ಗೊಂದಲವಿಲ್ಲ. ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮ್ಯವಾದ ಬಡ್ಡಿ, ವ್ಯಾಪಾರಕ್ಕಾದರೆ 5, ಕಾಡು ಹಾದು ಹೋಗುವವರಿಗೆ 10, ಕಡಲು ದಾಟುವವರಿಗೆ 20 ಎಂದು ಅವನು ಅರ್ಥಶಾಸ್ತ್ರದಲ್ಲಿ ಪಟ್ಟಿಯನ್ನೇ ಕೊಟ್ಟಿದ್ದಾನೆ. ಅಪಾಯ ಹೆಚ್ಚಿದಷ್ಟೂ ಬಡ್ಡಿ ಹೆಚ್ಚು. ಆದರೆ ಬೆಳಿಗ್ಗೆ 900 ಕೊಟ್ಟು ಸಂಜೆ 1,000 ಎಣಿಸಿಕೊಳ್ಳುವ ನಮ್ಮ ಮಾರುಕಟ್ಟೆಯ ಬಡ್ಡಿಯವನನ್ನು ಆ ಪಟ್ಟಿಯಲ್ಲಿ ಎಲ್ಲಿ ಕೂರಿಸುವುದು? ಕಡಲು ದಾಟುವವನ ತಿಂಗಳ ಬಡ್ಡಿಯನ್ನು ಸೊಪ್ಪು ಮಾರುವವಳು ಎರಡೇ ದಿನಕ್ಕೆ ಕಟ್ಟುತ್ತಾಳೆ. ಅವಳು ದಾಟುವುದು ರಸ್ತೆ ಮಾತ್ರ.

ಪುರಾಣದ ಕಡೆಯಿಂದ ನೋಡಿದರೆ ತಿಮ್ಮಪ್ಪನೇ ಆದ್ಯ ಸಾಲಗಾರ. ಮದುವೆಗೆಂದು ಕುಬೇರನಿಂದ ತಂದ ಸಾಲಕ್ಕೆ ಕಲಿಯುಗ ಮುಗಿಯುವವರೆಗೂ ಬಡ್ಡಿ ಕಟ್ಟುತ್ತಿರಬೇಕೆಂಬುದು ಕರಾರು. ಕಲಿಯುಗದ ಅವಧಿ 4,32,000 ವರ್ಷ. ಇದಕ್ಕಿಂತ ಉದ್ದನೆಯ ಕಂತನ್ನು ಯಾವ ಬ್ಯಾಂಕೂ ಕೊಟ್ಟಿಲ್ಲ. ನಮ್ಮಲ್ಲಿ ಮದುವೆಗೆ ಸಾಲ ಮಾಡುವವರನ್ನು ದಂಡಿಯಾಗಿ ಬೈದವರಿದ್ದಾರೆ, ಆದರೆ ಮೇಲ್ಪಂಕ್ತಿ ಎಲ್ಲಿಯದೆಂದು ಅವರು ಯೋಚಿಸಿದಂತಿಲ್ಲ. ಸಂಶೋಧಕನ ಗಮನಕ್ಕೆ ಬರುವುದು ಬೇರೊಂದು ಸಂಗತಿ. ತಲೆಯ ಮೇಲೆ ಅಷ್ಟು ಸಾಲ ಹೊತ್ತವನ ಮುಂದೆಯೇ ಜನ ತಾಸುಗಟ್ಟಲೆ ಸಾಲಿನಲ್ಲಿ ನಿಂತು ‘ನಮ್ಮ ಸಾಲ ತೀರಿಸಪ್ಪಾ’ ಎನ್ನುತ್ತಾರೆ. ಇಂಥ ಜಾಮೀನುದಾರನನ್ನು ಯಾವ ಪತ್ತಿನ ಸಹಕಾರ ಸಂಘವೂ ಒಪ್ಪಲಾರದು.

ಈಗ ದೇವದತ್ತನ ಖಾತೆ ಬಿಚ್ಚೋಣ. ಕ್ರೆಡಿಟ್ ಕಾರ್ಡಿನಲ್ಲಿ 40,000, ತಿಂಗಳಿಗೆ ಶೇಕಡಾ ಮೂರೂವರೆ ಬಡ್ಡಿ. ಹೆಂಡತಿಯ ಸರ ಗಿರವಿಯಿಟ್ಟು ತಂದ 60,000, ವರ್ಷಕ್ಕೆ ಶೇಕಡಾ 12. ಭಾವನಿಂದ ಪಡೆದ 15,000, ಬಡ್ಡಿಯಿಲ್ಲ. ಮೂಲೆಯ ದಿನಸಿ ಅಂಗಡಿಯ ಪುಸ್ತಕದಲ್ಲಿ 3,200.

ಕಾರ್ಡಿನ ಮಹಿಮೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂಬ ಕರುಣಾಮಯ ಸಾಲೊಂದಿರುತ್ತದೆ. ಶೇಕಡಾ ಐದೆಂದರೆ 2,000. ದೇವದತ್ತ ಅದನ್ನು ಕಟ್ಟಿ ಕೈ ತೊಳೆದುಕೊಳ್ಳುತ್ತಾನೆ. ಅದರಲ್ಲಿ ಬಡ್ಡಿಗೆ 1,400, ಆ ಬಡ್ಡಿಯ ಮೇಲಿನ ಜಿಎಸ್‌ಟಿಗೆ 252 ಹೋಗಿ ಅಸಲಿಗೆ ಇಳಿದದ್ದು 348. ಎರಡು ಸಾವಿರ ಕೊಟ್ಟವನ ಸಾಲ ನಲವತ್ತು ಸಾವಿರದಿಂದ 39,652ಕ್ಕೆ ಬರುತ್ತದೆ. ಕುಬೇರನಿಗೆ ಈ ಕನಿಷ್ಠ ಪಾವತಿಯ ಉಪಾಯ ಹೊಳೆದಿದ್ದರೆ ಕಲಿಯುಗ ಸಾಲುತ್ತಿರಲಿಲ್ಲ.

ಇಂಥ ದೇವದತ್ತನ ಕೈಗೆ ಓಟಿ ಹಣವೆಂದು 3,500 ಬಂತೆನ್ನಿ. ಇಲ್ಲಿ ವಿದ್ವಾಂಸರು ಎರಡು ಪಂಥವಾಗಿ ಒಡೆಯುತ್ತಾರೆ. ಬಡ್ಡಿ ಹೆಚ್ಚಿರುವ ಸಾಲವೇ ಮೊದಲು, ಆದ್ದರಿಂದ ಕಾರ್ಡಿಗೆ ಕಟ್ಟು ಎನ್ನುತ್ತಾರೆ ಬಡ್ಡಿಪ್ರಧಾನವಾದಿಗಳು. ಅತಿ ಸಣ್ಣ ಸಾಲವನ್ನು ಮೊದಲು ಮುಗಿಸು, ಪಟ್ಟಿಯಲ್ಲಿ ಒಂದು ಸಾಲಿಗಾದರೂ ಗೆರೆ ಬೀಳಲಿ ಎನ್ನುತ್ತಾರೆ ಅಲ್ಪಸಾಲವಾದಿಗಳು. ಲೆಕ್ಕ ಮೊದಲನೆಯವರ ಪರ. ಅಂಗಡಿಯ 3,200ನ್ನು ಕಾರ್ಡಿಗೆ ಹಾಕಿದ್ದರೆ ತಿಂಗಳಿಗೆ ಬಡ್ಡಿ, ತೆರಿಗೆ ಸೇರಿ 132 ರೂಪಾಯಿ ಉಳಿಯುತ್ತಿತ್ತು. ಇದಕ್ಕೆ ಅಲ್ಪಸಾಲವಾದಿಗಳ ಉತ್ತರ: ಕಾರ್ಡಿನ ಬ್ಯಾಂಕು ದೇವದತ್ತನ ಬೀದಿಯಲ್ಲಿಲ್ಲ, ಅಂಗಡಿ ಇದೆ. ಅದರ ಮುಂದೆ ಹಾಯುವುದನ್ನು ತಪ್ಪಿಸಲು ಅವನು ದಿನವೂ ಹಿಂದಿನ ರಸ್ತೆಯಲ್ಲಿ ಸುತ್ತಿ ಬರುತ್ತಿದ್ದಾನೆ. ಆ ಸುತ್ತು ತಪ್ಪುವುದಾದರೆ 132 ರೂಪಾಯಿ ಕೊಡಬಹುದು. ಈ ಗ್ರಂಥಕರ್ತನ ಮತವೂ ಅದೇ. ಒಂದು ಗೆರೆ ಬಿದ್ದರೆ ಮಿಕ್ಕವಕ್ಕೂ ಬಿದ್ದೀತೆಂಬ ಆಶೆಗೆ ಮಾರುಕಟ್ಟೆಯಲ್ಲಿ ಇಷ್ಟು ಖಚಿತವಾದ ಬೆಲೆ ಬೇರೆಲ್ಲೂ ಸಿಕ್ಕಿಲ್ಲ. ಆದರೆ ಒಂದು ಗೆರೆ ಬಿದ್ದ ಮೇಲೆ ಕಾರ್ಡನ್ನು ಬಿಟ್ಟು ಮತ್ತೊಂದರ ಕಡೆ ನೋಡಬಾರದು, ಅಲ್ಲಿಂದ ಮುಂದೆ ಬಡ್ಡಿಪ್ರಧಾನವಾದಿಗಳೇ ಸರಿ. ಭಾವನ ಸಾಲ ಕೊನೆಗೆ. ಅವರ ಬಡ್ಡಿ ಮಾತಿನ ರೂಪದಲ್ಲಿ ಪ್ರತಿ ನಾಮಕರಣ, ಗೃಹಪ್ರವೇಶಗಳಲ್ಲಿ ಜಮಾ ಆಗುತ್ತಲೇ ಇರುತ್ತದೆ.

ಆಶಾವಾದದಲ್ಲಿಯೂ ಸಾಧಾರ, ನಿರಾಧಾರ ಎಂದು ಎರಡು ಬಗೆ. 2025ರಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು 6.50ರಿಂದ ಇಳಿಸುತ್ತ ಬಂದು ವರ್ಷದ ಕೊನೆಗೆ 5.25ಕ್ಕೆ ತಂದಿತು. ಪ್ರತಿ ಸಲವೂ ಟಿವಿ ಮುಂದೆ ಕೂತ ದೇವದತ್ತ ‘ಬಡ್ಡಿ ಇಳೀತು ಕಣೇ’ ಎಂದು ಹೆಂಡತಿಗೆ ಕೂಗಿ ಹೇಳಿದ. ಗೃಹಸಾಲ ಇದ್ದವರಿಗೆ ಇಳಿಯಿತು, ನಿಜ. ಇವನಿಗೆ ಗೃಹವೇ ಇಲ್ಲ. ಕಾರ್ಡಿನ ಬಡ್ಡಿ ರೆಪೊ ದರದ ಮಾತು ಕೇಳುವುದೂ ಇಲ್ಲ. ಇದು ನಿರಾಧಾರ. ಸಾಧಾರವಾದ ಆಶಾವಾದ ಸಂಜೆ ಏಳಕ್ಕೆ ಹುಟ್ಟುತ್ತದೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ತಾಕೀತು ಮಾಡಿದೆ. ದಿನಕ್ಕೆ ಹದಿಮೂರು ಗಂಟೆ ಶುಭಮುಹೂರ್ತ.

ತಾಕೀತುಗಳೆಲ್ಲ ಪಾಲನೆಯಾಗುವುದಿಲ್ಲ ಎಂಬುದನ್ನು ಮಾತ್ರ ನಗೆಯಲ್ಲಿ ತೇಲಿಸುವಂತಿಲ್ಲ. 2025ರ ಆರಂಭದಲ್ಲಿ ಕಿರುಸಾಲ ವಸೂಲಿಯವರ ಕಾಟಕ್ಕೆ ನಮ್ಮ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರಿದ್ದರು, ಜೀವ ಬಿಟ್ಟವರೂ ಇದ್ದರು. ಆ ಫೆಬ್ರವರಿಯಲ್ಲಿ ಕರ್ನಾಟಕ ತಂದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಗೊತ್ತುಮಾಡಿತು. ಶಾಸ್ತ್ರಕ್ಕಿಂತ ಇದು ಉಪಯುಕ್ತವಾದದ್ದರಿಂದ ಇಲ್ಲಿ ಹೇಳಿದೆ.

ಪ್ರಕೃತಕ್ಕೆ ಬಂದರೆ, ದೇವದತ್ತ ಅಂಗಡಿಗೆ ಹೋಗಿ 3,200 ಎಣಿಸಿ ಕೊಟ್ಟ. ಶೆಟ್ಟರು ಬೆರಳಿಗೆ ಎಂಜಲು ಹಚ್ಚಿ ಪುಟ ಮಗುಚಿ, ಅವನ ಹೆಸರಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಎಳೆದು, ಅದೇ ಉಸಿರಿನಲ್ಲಿ ಹೊಸ ಪುಟ ತೆಗೆದರು.

“ಹಳೇ ಸೋನಾ ಮಸೂರಿ ಬಂದಿದೆ ಸ್ವಾಮಿ, ಒಂದು ಚೀಲ ಮನೆಗೆ ಹಾಕಿಸ್ಲಾ? ದುಡ್ಡು ಮುಂದಿನ ತಿಂಗಳು ನೋಡ್ಕೊಳ್ಳೋಣ.”

“ಬೇಡಿ ಶೆಟ್ರೇ. ಐದು ಕೆಜಿ ಕಟ್ಟಿ ಸಾಕು, ದುಡ್ಡು ಈಗ್ಲೇ ತಗೊಳ್ಳಿ.”

ಮಿಕ್ಕ 300 ಅದಕ್ಕೆ ಸರಿಹೋಯಿತು. ಆ ಮುನ್ನೂರಾದರೂ ಕಾರ್ಡಿಗೆ ಹೋಗಬೇಕಿತ್ತೆಂದು ಬಡ್ಡಿಪ್ರಧಾನವಾದಿಗಳು ಈಗಲೂ ಆಕ್ಷೇಪಿಸುತ್ತಿದ್ದಾರೆ. ಅವರಿಗೆ ಸವಿಸ್ತಾರವಾದ ಉತ್ತರವನ್ನು ಎರಡನೆಯ ಸಂಪುಟದಲ್ಲಿ ಕೊಡಲಾಗುವುದು. ಅದರ ಅಚ್ಚಿನ ಖರ್ಚಿಗೆ ಗ್ರಂಥಕರ್ತನ ಸಾಲದ ಅರ್ಜಿ ಪರಿಶೀಲನೆಯಲ್ಲಿದೆ.